ಚೆಂಡನ್ನು ಕಚ್ಚುವ ರಬ್ಬರ್

ಟೇಬಲ್ ಟೆನಿಸ್ ಬ್ಯಾಟಿಗೆ ದುಬಾರಿ ರಬ್ಬರ್ ಅಂಟಿಸಿಕೊಂಡು ಟೇಬಲ್ಲಿನ ಮುಂದೆ ನಿಂತ ಮೊದಲ ಸಂಜೆ ನನ್ನ ಟಾಪ್‌ಸ್ಪಿನ್ ಎಂದೂ ಇಲ್ಲದಷ್ಟು ಚೂಪಾಗಿ ಇಳಿಯಿತು. ಬೀಗಿದ್ದು ಐದೇ ನಿಮಿಷ. ಆಮೇಲೆ ಎದುರಿನವರು ಸರ್ವ್ ಮಾಡಿದ್ದೇ ತಡ, ಚೆಂಡು ಒಮ್ಮೆ ನೆಟ್ಟಿಗೆ, ಒಮ್ಮೆ ಪಕ್ಕದ ಟೇಬಲ್ಲಿಗೆ. ಸವೆದುಹೋದ ಹಳೆಯ ರಬ್ಬರಿನಲ್ಲಿ ಕಣ್ಮುಚ್ಚಿ ವಾಪಸು ಮಾಡುತ್ತಿದ್ದ ಸರ್ವ್‌ಗಳೇ ಅವು! ಚೆಂಡನ್ನು ಗಟ್ಟಿಯಾಗಿ ಹಿಡಿಯುವ ರಬ್ಬರಿಗೆ ನಮ್ಮವರು, ಹೊರಗಿನವರು ಎಂಬ ಭೇದವಿಲ್ಲ. ನನ್ನ ಸ್ಪಿನ್ನಿಗೆ ಹೇಗೆ ಕುಣಿಯುತ್ತದೋ ಎದುರಾಳಿಯ ಸ್ಪಿನ್ನಿಗೂ ಹಾಗೇ ಕುಣಿಯುತ್ತದೆ.

ಬ್ಯಾಟನ್ನು ಅಡ್ಡ ಹಿಡಿದು ಅಂಚನ್ನು ನೋಡಿ. ನಡುವೆ ಮರ, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ತೆಳ್ಳಗಿನ ರಬ್ಬರ್ ಹಾಳೆ. ಹಾಳೆಯ ಒಳಮೈಯಲ್ಲಿ ಸಾಲುಸಾಲು ಪುಟ್ಟ ಗುಬುಟುಗಳು ಸ್ಪಂಜಿಗೆ ಕಾಲೂರಿ ನಿಂತಿರುತ್ತವೆ. ಹೊರಮೈ ನುಣುಪು. ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಪಕ್ಕಕ್ಕೆ ಎಳೆದರೆ ಹಾಳೆ ಕೊಂಚ ಜರುಗಿ, ಬಿಟ್ಟೊಡನೆ ಮೊದಲಿನ ಜಾಗಕ್ಕೆ ಚಿಮ್ಮುತ್ತದೆ. ಸ್ಪಿನ್ನಿನ ಗುಟ್ಟು ಬಹುಪಾಲು ಇಷ್ಟರಲ್ಲೇ ಇದೆ. 2.7 ಗ್ರಾಂ ತೂಕದ, 40 ಮಿಲಿಮೀಟರ್ ವ್ಯಾಸದ ಚೆಂಡು ಬ್ಯಾಟಿನ ಮೇಲೆ ನಿಲ್ಲುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಬ್ಯಾಟು ಚೆಂಡನ್ನು ಸವರಿಕೊಂಡು ಮೇಲಕ್ಕೆ ಹೋದಾಗ ಅಷ್ಟರೊಳಗೇ ಹಾಳೆ ಹಿಗ್ಗಿ, ಮರಳುವಾಗ ಚೆಂಡನ್ನು ಬುಗುರಿಯ ಹಾಗೆ ತಿರುಗಿಸಿ ಕಳಿಸುತ್ತದೆ. ಪಳಗಿದವರ ಟಾಪ್‌ಸ್ಪಿನ್ ಸೆಕೆಂಡಿಗೆ ನೂರು ಸುತ್ತನ್ನೂ ಮೀರುತ್ತದೆ. ಹಾಗೆ ಮುಂದಕ್ಕೆ ಉರುಳುತ್ತ ಹಾರುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುವುದರಿಂದ, ಎಷ್ಟು ಬಿರುಸಾಗಿ ಹೊಡೆದರೂ ಅದು ಟೇಬಲ್ಲಿನ ಮೇಲೇ ಬೀಳುತ್ತದೆ.

ಸ್ಪಂಜಿನ ಪ್ರತಾಪವನ್ನು ಜಗತ್ತು ಕಂಡದ್ದು ನಮ್ಮ ಮುಂಬಯಿಯಲ್ಲೇ. 1952ರ ವಿಶ್ವ ಚಾಂಪಿಯನ್‌ಶಿಪ್‌ಗೆ ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಗುಬುಟು ರಬ್ಬರಿನ ‘ಟಕ್ ಟಕ್’ ಸದ್ದಿನಿಂದಲೇ ಹೊಡೆತದ ಬಲ ಅಳೆಯುತ್ತಿದ್ದ ಘಟಾನುಘಟಿಗಳಿಗೆ ಏನೂ ಕೇಳಿಸಲಿಲ್ಲ. ಸಾಟೋ ಸಿಂಗಲ್ಸ್ ಗೆದ್ದೇಬಿಟ್ಟರು. ಈಗಿನ ನಿಯಮದಂತೆ ಸ್ಪಂಜು, ಹಾಳೆ, ಅಂಟು ಎಲ್ಲ ಸೇರಿ 4 ಮಿಲಿಮೀಟರ್ ದಾಟುವಂತಿಲ್ಲ.

ಆ ನಾಲ್ಕು ಮಿಲಿಮೀಟರಿನೊಳಗೇ ಎರಡು ಘರಾಣೆಗಳಿವೆ ಅನ್ನಿ. ಚೀನೀ ಶೈಲಿಯ ಹರಿಕೇನ್‌ನಂಥ ರಬ್ಬರಿನ ಮೈ ಅಂಟಂಟು, ಸ್ಪಂಜು ಗಡುಸು. ಚೆಂಡನ್ನು ಅದಕ್ಕೆ ಒತ್ತಿ ಬ್ಯಾಟನ್ನು ತಲೆಕೆಳಗು ಮಾಡಿದರೆ, ಹೊಸದರಲ್ಲಿ ಚೆಂಡು ಒಂದು ಗಳಿಗೆ ಹಲ್ಲಿಯಂತೆ ನೇತಾಡುತ್ತದೆ. ಸರ್ವ್‌ಗೂ ನೆಟ್ಟಿನ ಹತ್ತಿರದ ಮೃದು ಆಟಕ್ಕೂ ಅದು ಹೇಳಿಮಾಡಿಸಿದ್ದು. ಆದರೆ ವೇಗ ಬೇಕಿದ್ದರೆ ತೋಳು, ಸೊಂಟ, ಕಾಲು ಎಲ್ಲವೂ ದುಡಿಯಬೇಕು. ಜಪಾನ್, ಜರ್ಮನಿಯ ಟೆನರ್ಜಿ ಬಗೆಯವುಗಳಲ್ಲಿ ಸ್ಪಂಜೇ ಕವಣೆಯಂತೆ ಚಿಮ್ಮಿಸುತ್ತದೆ. ಜೋರಾಗಿ ಹೊಡೆದಾಗ ಇದು ವರ, ಮೆಲ್ಲಗೆ ತಟ್ಟಬೇಕಾದಾಗ ಶಾಪ. ಕಲಿಯುವವರು ಮುಗ್ಗರಿಸುವುದು ಹೆಚ್ಚಾಗಿ ಈ ಮೆಲುಹೊಡೆತದಲ್ಲೇ.

ಪ್ಯಾಕೆಟ್ಟಿನ ಮೇಲಿನ ‘ಸ್ಪಿನ್ 10, ಕಂಟ್ರೋಲ್ 9’ ಎಂಬ ಅಂಕಗಳನ್ನು ನಾನಂತೂ ನಂಬುವುದಿಲ್ಲ. ಅದು ತಯಾರಕರು ತಮ್ಮ ಮಕ್ಕಳಿಗೆ ತಾವೇ ಕೊಟ್ಟ ಮಾರ್ಕು. ಸ್ಪಂಜಿನ ಗಡಸುತನದ ಡಿಗ್ರಿಗೂ ಇದೇ ಪಾಡು. ಚೀನೀ ಅಳತೆಯ 39 ಡಿಗ್ರಿ ಸ್ಪಂಜು ಜರ್ಮನ್ ಅಳತೆಯ 47ಕ್ಕಿಂತ ಗಟ್ಟಿ.

ಕೊಂಚ ನೆಚ್ಚಬಹುದಾದ ಅಂಕಿ ಸ್ಪಂಜಿನ ದಪ್ಪ. 1.5 ಮಿ.ಮೀ. ಸ್ಪಂಜಿನಲ್ಲಿ ಜೋರು ಹೊಡೆತ ಬೇಗ ಮರವನ್ನು ಮುಟ್ಟುತ್ತದೆ, ಚೆಂಡು ಏನಾಯಿತೆಂದು ಕೈಗೆ ತಿಳಿಯುತ್ತದೆ, ಕವಣೆಯ ಕುಣಿತ ಕಡಿಮೆ. 2.1ರಲ್ಲಿ ಚೆಂಡು ಆಳಕ್ಕೆ ಹೂತು, ಹಾಳೆ ಅದನ್ನು ಹೆಚ್ಚು ಅಗಲಕ್ಕೆ ಕಚ್ಚಿ ಸ್ಪಿನ್ ಕೊಡುತ್ತದೆ. ಆದರೆ ಬ್ಯಾಟಿನ ಕೋನ ಒಂದಿಷ್ಟು ತಪ್ಪಿದರೂ ದಂಡ ಕಟ್ಟಬೇಕು.

ಹಿಡಿತವೇ ಬೇಡವೆನ್ನುವವರೂ ಇದ್ದಾರೆ. ಗುಬುಟು ಹೊರಗಿರುವ ಉದ್ದ ಪಿಂಪಲ್ ರಬ್ಬರಿನಲ್ಲಿ ಗುಬುಟುಗಳೇ ಬಾಗಿ ಜಾರುವುದರಿಂದ ಎದುರಾಳಿಯ ಸ್ಪಿನ್ ಬಹುಮಟ್ಟಿಗೆ ಅವರಿಗೇ ತಿರುಗಿ ಹೋಗುತ್ತದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಪಿಂಪಲ್ ಹಿಡಿದು ಎಷ್ಟು ಜನರನ್ನು ತಬ್ಬಿಬ್ಬು ಮಾಡಿದ್ದಾರೆ ನೋಡಿ. ಅಂದಹಾಗೆ, ಬ್ಯಾಟಿನ ಎರಡು ಬದಿಗೆ ಬೇರೆ ಬೇರೆ ಬಣ್ಣ ಇರುವುದು ಚೆಂದಕ್ಕಲ್ಲ. ಒಂದು ಬದಿ ಕಚ್ಚುವ ರಬ್ಬರ್, ಇನ್ನೊಂದು ಬದಿ ಜಾರುವ ರಬ್ಬರ್, ಎರಡಕ್ಕೂ ಒಂದೇ ಬಣ್ಣ ಇಟ್ಟು ಕೈಯಲ್ಲೇ ತಿರುಗಿಸಿ ಯಾಮಾರಿಸುವ ಆಟ ವಿಪರೀತವಾದಾಗ ಬಂದ ನಿಯಮ ಅದು.

ಕಲಿಯಲು ಶುರುಮಾಡಿ ಒಂದೆರಡು ವರ್ಷ ಆದವರು ಕೇಳಿದರೆ ನನ್ನ ಮಾತು ಇಷ್ಟೇ: ಎರಡೂ ಬದಿಗೆ ನುಣುಪು ರಬ್ಬರ್, ಮಧ್ಯಮ ಮೃದುತ್ವದ ಸ್ಪಂಜು, ದಪ್ಪ 1.8 ಅಥವಾ 2 ಮಿ.ಮೀ., ಕವಣೆ ಗುಣ ಕಡಿಮೆ. ಮಾರ್ಕ್ ಫೈವ್, ಸ್ರೈವರ್ ಥರದ ಹಳೇ ಕುಳಗಳು ಧಾರಾಳ ಸಾಕು. ದುಡ್ಡು ಬಿಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿ. ಧೂಳು ಕೂತ ರಬ್ಬರ್ ಎಷ್ಟೇ ಬೆಲೆಯದಾದರೂ ಜಾರುತ್ತದೆ. ಹಳೆಯದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಒಂದು ಗೇಮ್ ಆಡಿ ನೋಡಿ.