ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಮಾರ್ಚ್ ಬಂತೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಗ್ಯಾರೇಜುಗಳವರೆಗೆ ಒಂದೇ ಬೇಡಿಕೆ: ‘ಕೂಲಿಂಗ್ ಬರ್ತಿಲ್ಲ, ಗ್ಯಾಸ್ ಹಾಕಿಬಿಡಿ.’ ಹದಿನೈದಿಪ್ಪತ್ತು ವರ್ಷ ಓಡಿದ ಕಾರಿನ ಮಾಲೀಕರು ಎ.ಸಿ. ಗ್ಯಾಸ್ ಕೂಡ ಪೆಟ್ರೋಲಿನ ಹಾಗೆ ಮುಗಿಯುತ್ತದೆ ಎಂದುಕೊಂಡಿರುತ್ತಾರೆ. ಕೆಲಸ ಬಲ್ಲ ಎ.ಸಿ. ಮೆಕ್ಯಾನಿಕ್ ಮಾತ್ರ ಸಿಲಿಂಡರ್ ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ.

ಕಾರಿನೊಳಗೆ ತಂಪು ಹುಟ್ಟುವುದು ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ತತ್ವದಿಂದಲೇ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ, ರೇಡಿಯೇಟರ್ ಮುಂದಿರುವ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಶಾಖ ಬಿಟ್ಟು ದ್ರವವಾದ ಗ್ಯಾಸ್, ಎಕ್ಸ್‌ಪಾನ್ಷನ್ ವಾಲ್ವ್‌ನ ಕಿರಿದಾದ ಕಿಂಡಿ ದಾಟಿ, ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತದೆ. ಇದೆಲ್ಲ ಮುಚ್ಚಿದ ಕೊಳವೆಗಳೊಳಗಿನ ಸುತ್ತಾಟ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಗಟ್ಟಿಯಾದ ಓ-ರಿಂಗ್‌ನಲ್ಲೋ, ಕಲ್ಲು ಬಡಿದ ಕಂಡೆನ್ಸರಿನಲ್ಲೋ, ಕಂಪ್ರೆಸರಿನ ಶಾಫ್ಟ್ ಸೀಲ್‌ನಲ್ಲೋ ಸೋರಿಕೆ ಇದ್ದೇ ಇರುತ್ತದೆ.

ಗ್ಯಾಸಿಗೆ ಸಂಬಂಧವೇ ಇರದ ತೊಂದರೆಗಳೂ ಬಹಳ. ಹೈವೇಯಲ್ಲಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ನಿಂತೊಡನೆ ಬಿಸಿಗಾಳಿ ಬಂದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ಫ್ಯಾನ್. ಬ್ಲೋವರ್ ಕೊನೆಯ ಸ್ಪೀಡ್‌ನಲ್ಲಿ ಮಾತ್ರ ತಿರುಗುತ್ತಿದ್ದರೆ ಅದರ ರೆಸಿಸ್ಟರ್ ಸುಟ್ಟಿರುವುದೇ ಹೆಚ್ಚು. ಎ.ಸಿ. ಹಾಕಿದಾಗ ಮ್ಯಾಟ್ ಒದ್ದೆಯಾದರೆ ನೀರು ಹೊರಹೋಗುವ ಡ್ರೈನ್ ಪೈಪಿನಲ್ಲಿ ಕಸ ಕಟ್ಟಿದೆ. ಸ್ವಲ್ಪ ಹೊತ್ತು ತಂಪು ಕೊಟ್ಟು ನಿಂತು, ಆರಿಸಿಟ್ಟು ಮತ್ತೆ ಹಾಕಿದರೆ ಸರಿಹೋಗುವ ಕಾರಿನಲ್ಲಿ, ಒಳಸೇರಿದ ತೇವ ವಾಲ್ವ್‌ನಲ್ಲಿ ಹೆಪ್ಪುಗಟ್ಟುತ್ತಿರಬಹುದು.

ಆಮೇಲೆ ಒತ್ತಡ ಅಳೆಯುವ ಗೇಜ್ ಹೊರಬರುತ್ತದೆ. ಆರ್-134ಎ ಗ್ಯಾಸ್ ಇರುವ ಕಾರಿನಲ್ಲಿ ಕಡಿಮೆ ಒತ್ತಡದ ಬದಿಯ ನೀಲಿ ಗೇಜ್ ಸುಮಾರು 25ರಿಂದ 40 ಪಿಎಸ್ಐ, ಹೆಚ್ಚು ಒತ್ತಡದ ಬದಿಯ ಕೆಂಪು ಗೇಜ್ ಸುಮಾರು 150ರಿಂದ 250 ಪಿಎಸ್ಐ ತೋರಿಸಬೇಕು. ಹೊರಗಿನ ಬಿಸಿಲಿಗೆ ತಕ್ಕಂತೆ ಇದು ಏರಿಳಿಯುತ್ತದೆ. ಎರಡೂ ಕೆಳಗಿದ್ದರೆ ಗ್ಯಾಸ್ ಕೊರತೆ. ಎರಡೂ ಮೇಲಿದ್ದರೆ ಗ್ಯಾಸ್ ಅತಿಯಾಗಿದೆ, ಇಲ್ಲವೇ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ನೀಲಿ ಮೇಲೇರಿ ಕೆಂಪು ಕೆಳಗಿಳಿದಿದ್ದರೆ ಕಂಪ್ರೆಸರ್ ಸೋತಿದೆ. ಸೋರಿಕೆಯ ಜಾಗ ಹುಡುಕಲು ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೀರು ಸವರುತ್ತಾರೆ. ದುರಸ್ತಿಯಾದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಪಂಪ್ ಓಡಿಸಿ ತೇವ ತೆಗೆದು, ಕಾರಿನ ಸ್ಟಿಕ್ಕರಿನಲ್ಲಿರುವ ಅಳತೆಯಷ್ಟೇ ಗ್ಯಾಸನ್ನು ತೂಗಿ ಹಾಕುತ್ತಾರೆ.

1990ರ ದಶಕದ ಮೊದಲ ವರ್ಷಗಳ ಕಾರುಗಳ ಕತೆಯೇ ಬೇರೆ. ಅವುಗಳಲ್ಲಿದ್ದದ್ದು ಓಝೋನ್ ಪದರಕ್ಕೆ ಮಾರಕವಾದ ಆರ್-12. 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹಂತಹಂತವಾಗಿ ಹೊರಗಿಟ್ಟಿತು. ಅಂಥ ಕಾರಿಗೆ ಆರ್-134ಎ ಹಾಕುವಾಗ ಹಳೆಯ ಮಿನರಲ್ ಆಯಿಲ್ ತೊಳೆದು, ಹೊಸ ಗ್ಯಾಸಿಗೆ ಒಗ್ಗುವ ಆಯಿಲ್, ತೇವ ಹೀರುವ ರಿಸೀವರ್ ಡ್ರೈಯರ್, ಓ-ರಿಂಗ್ ಎಲ್ಲ ಬದಲಿಸಬೇಕು. ಆರ್-134ಎ ಓಝೋನ್‌ಗೆ ಕೇಡು ಮಾಡದು. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಸೋರಿಕೆ ಮುಚ್ಚದೆ ವರ್ಷವರ್ಷವೂ ಗ್ಯಾಸ್ ತುಂಬಿಸಿದರೆ ಅಷ್ಟೂ ಆಕಾಶಕ್ಕೇ ಹೋಗುತ್ತದೆ.

ಮಡಿಕೇರಿ, ಊಟಿಯ ಚಳಿಯಲ್ಲಿ ನೆನಪಾಗುವ ಹೀಟರಿಗೆ ಗ್ಯಾಸ್ ಬೇಡ. ಎಂಜಿನ್ನಿನ ಬಿಸಿನೀರೇ ಅದರ ಒಲೆ. ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ, ಅಥವಾ ‘ಎಂಜಿನ್ ಬಿಸಿಯಾಗದಿರಲಿ’ ಎಂದು ಯಾರೋ ಅದನ್ನು ಕಿತ್ತುಹಾಕಿದ್ದರೆ, ಗಾಳಿ ಉಗುರುಬೆಚ್ಚಗಷ್ಟೇ ಬರುತ್ತದೆ. ಒಳಗೆ ಸಿಹಿ ವಾಸನೆ ಬಂದು, ಗಾಜಿಗೆ ಜಿಡ್ಡು ಜಿಡ್ಡಾದ ಮಂಜು ಹಿಡಿದರೆ ಹೀಟರ್ ಕೋರ್‌ನಿಂದ ಕೂಲಂಟ್ ಸೋರುತ್ತಿದೆ. ಅದನ್ನು ತಡಮಾಡುವಂತಿಲ್ಲ, ಕೂಲಂಟ್ ಬತ್ತಿದರೆ ಎಂಜಿನ್ನಿಗೇ ಅಪಾಯ.

ಮಾಲೀಕರು ಮಾಡಬೇಕಾದ್ದು ಕಡಿಮೆಯೇ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಗ್ಯಾಸಿನೊಂದಿಗೆ ಸುತ್ತುವ ಆಯಿಲ್ ಶಾಫ್ಟ್ ಸೀಲನ್ನು ಒಣಗಲು ಬಿಡುವುದಿಲ್ಲ, ಗಾಜಿನ ಮಂಜೂ ಬೇಗ ಕರಗುತ್ತದೆ. ಗ್ಯಾರೇಜಿನಲ್ಲಿ ದುಡ್ಡು ಕೊಡುವ ಮುನ್ನ ಎರಡು ವಿಷಯ ಕೇಳಿ: ಸೋರಿಕೆ ಎಲ್ಲಿತ್ತು, ಎಷ್ಟು ಗ್ರಾಂ ಗ್ಯಾಸ್ ಹಾಕಿದಿರಿ?