ಹಾಡಿನ ಋಣ

ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿ, ಮಹಾಲಿಂಗಪುರಗಳು ನೇಕಾರರ ಊರುಗಳು. ಹಗಲು ಓಣಿ ಓಣಿಗಳಲ್ಲಿ ಮಗ್ಗದ ಸಪ್ಪಳ. ಸಂಜೆಯಾದರೆ ಗುಡಿ ಮಠಗಳಲ್ಲಿ ಭಜನೆಯ ದನಿ. ದುಡಿದು ದಣಿದವರು ಕೂಡಿ ಹಾಡುವ ಭಜನಾಮೇಳಗಳು ಶಾಲೆಯ ಭಾಗ್ಯವಿಲ್ಲದವರ ಪಾಲಿಗೆ ಶಾಲೆಗಳೇ ಆಗಿದ್ದವು. ಅಂಥ ಶಾಲೆಯಲ್ಲಿ ಕಲಿತು, ಕಲಿತದ್ದನ್ನು ಜನರಿಗೇ ಮರಳಿ ಒಪ್ಪಿಸಿದ ಹಾಡುಗಾರರು ಇಬ್ರಾಹಿಂ ಸುತಾರ.

ಸುತಾರರು 1940ರ ಮೇ 10ರಂದು ಮಹಾಲಿಂಗಪುರದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಮೂರನೆಯ ತರಗತಿಗೇ ಅವರ ಓದು ನಿಂತುಹೋಯಿತು. ಹೊಟ್ಟೆಪಾಡಿಗಾಗಿ ನೇಯ್ಗೆಯ ಕೆಲಸಕ್ಕೆ ಕೈಹಾಕಿದರು. ಆದರೆ ಅರಿಯುವ ಹಂಬಲ ಬತ್ತಲಿಲ್ಲ. ಮಸೀದಿಯಲ್ಲಿ ಕುರಾನಿನ ಪಾಠವಾಯಿತು. ಊರಿನ ಭಜನೆಯಲ್ಲಿ ವಚನಗಳೂ ತತ್ವಪದಗಳೂ ನಾಲಗೆಗೆ ಬಂದವು. ನಿಜಗುಣ ಶಿವಯೋಗಿಗಳ ಪದಗಳು, ಶಿಶುನಾಳ ಶರೀಫರ ಹಾಡುಗಳು ಅವರ ಬಾಳಿನ ಬುತ್ತಿಯಾದವು. ಒಂದು ಧರ್ಮವನ್ನು ಬಲ್ಲವನಿಗೆ ಇನ್ನೊಂದು ಪರಕೀಯವೆನಿಸಬೇಕಾಗಿಲ್ಲ ಎಂಬುದನ್ನು ಅವರು ಗ್ರಂಥಕ್ಕಿಂತ ಮೊದಲು ಬದುಕಿನಲ್ಲಿಯೇ ಕಂಡುಕೊಂಡರು.

1970ರಲ್ಲಿ ಅವರು ಭಾವೈಕ್ಯ ಜನಪದ ಸಂಗೀತ ಮೇಳವನ್ನು ಕಟ್ಟಿದರು. ಈ ಮೇಳದ ವೈಶಿಷ್ಟ್ಯವೆಂದರೆ ಅದರ ಸಂವಾದದ ರೀತಿ. ಒಬ್ಬರು ಪ್ರಶ್ನೆ ಎತ್ತುವರು. ಇನ್ನೊಬ್ಬರು ಮಾತಿನಿಂದಲೂ ಹಾಡಿನಿಂದಲೂ ಉತ್ತರಿಸುವರು. ದೇವರೊಬ್ಬನೇ ಆದರೆ ಹೆಸರುಗಳೇಕೆ ಹಲವು ಎಂಬಂಥ ಸಂದೇಹ ಯಾರಿಗೆ ತಾನೆ ಬಂದಿಲ್ಲ? ತನ್ನ ಮನದ ಶಂಕೆಯನ್ನೇ ಎದುರಿನವರು ಕೇಳಿದಾಗ ಶ್ರೋತೃವಿನ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಬರಿಯ ಉಪದೇಶಕ್ಕೆ ಬೇಸರಪಡುವ ಮನಸ್ಸು ಹಾಡಾಗಿ ಬಂದ ಉತ್ತರವನ್ನು ಮನೆಗೆ ಹೊತ್ತೊಯ್ಯುತ್ತದೆ.

ಹಾಡಿನಿಂದ ಜನರನ್ನು ಕೂಡಿಸುವ ಯತ್ನ ಕಡಲಾಚೆಯ ನಾಡುಗಳಲ್ಲಿಯೂ ನಡೆದಿದೆ. ಜಮೈಕಾ ದ್ವೀಪದ ಬಡವರ ಕೇರಿಗಳಲ್ಲಿ 1960ರ ದಶಕದ ಕೊನೆಗೆ ರೆಗೆ ಎಂಬ ಸಂಗೀತ ರೂಪುಗೊಂಡಿತು. ಅದರ ಹೆಸರಾಂತ ಗಾಯಕ ಬಾಬ್ ಮಾರ್ಲಿ. ಅಲ್ಲಿಯ ಎರಡು ರಾಜಕೀಯ ಪಕ್ಷಗಳ ಬೆಂಬಲಿಗರು ಬೀದಿಗಳಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲವದು. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್ ನಗರದಲ್ಲಿ ನಡೆದ ಶಾಂತಿ ಗಾಯನದಲ್ಲಿ ಮಾರ್ಲಿಯು ಪ್ರಧಾನಿ ಮೈಕೆಲ್ ಮ್ಯಾನ್ಲಿ ಹಾಗೂ ವಿರೋಧಪಕ್ಷದ ನಾಯಕ ಎಡ್ವರ್ಡ್ ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು, ಅವರ ಕೈಗಳನ್ನು ಕೂಡಿಸಿ ಮೇಲೆತ್ತಿ ಹಿಡಿದನು. ಜನಸಾಗರ ಪುಲಕಗೊಂಡಿತು. ಆದರೂ 1980ರ ಚುನಾವಣೆಯ ವರ್ಷದಲ್ಲಿ ಅಲ್ಲಿ ನೂರಾರು ಜನ ಹಿಂಸೆಗೆ ಬಲಿಯಾದರು.

ಹಾಗಾದರೆ ಹಾಡು ಸೋತಿತೇ? ಸೋಲಲಿಲ್ಲ, ಒಂದು ಇರುಳಿನ ಹಾಡು ಸಾಲದಾಯಿತು, ಅಷ್ಟೆ. ದ್ವೇಷವನ್ನು ಬಿತ್ತಲು ಒಂದು ಗಳಿಗೆ ಸಾಕು. ಅದನ್ನು ಕಳೆಯಲು ತಲೆಮಾರುಗಳ ತಾಳ್ಮೆ ಬೇಕು. ಸುತಾರರ ಹಿರಿಮೆ ಕಾಣುವುದು ಇಲ್ಲಿಯೇ. ಅವರು ಒಂದು ದಿನ ಹಾಡಿ ಸುಮ್ಮನಾಗಲಿಲ್ಲ. ಐದು ದಶಕಗಳ ಕಾಲ ಜಾತ್ರೆ, ಉತ್ಸವ, ಮಠಗಳೆನ್ನದೆ ಊರೂರು ತಿರುಗಿ, ನೆರೆಹೊರೆಯವರು ಕೂಡಿ ಬಾಳುವ ಪಾಠವನ್ನು ಮತ್ತೆ ಮತ್ತೆ ಹೇಳಿದರು.

ಜನರು ಅವರನ್ನು ‘ಕನ್ನಡದ ಕಬೀರ’ ಎಂದು ಕರೆದರು. ಕಾಶಿಯ ಕಬೀರನೂ ನೇಕಾರನೇ ಆಗಿದ್ದುದರಿಂದ ಈ ಹೆಸರು ಅವರಿಗೆ ಇಮ್ಮಡಿಯಾಗಿ ಒಪ್ಪುತ್ತದೆ. 2018ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 2022ರ ಫೆಬ್ರವರಿ 5ರಂದು ಸುತಾರರು ನಿಧನರಾದರು.

ಹಾಸು ಹೊಕ್ಕುಗಳೆರಡೂ ಸೇರಿದರೆ ಬಟ್ಟೆ. ಬೇರೆಯಾದರೆ ಬರಿಯ ನೂಲು. ಮಗ್ಗದ ಮುಂದೆ ಕುಳಿತವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೇಕಾರರ ಊರು ತನಗೆ ಕಲಿಸಿದ ಈ ಸತ್ಯವನ್ನು ನಾಡಿಗೆಲ್ಲ ಹಾಡಿ ತಿಳಿಸಿ, ಸುತಾರರು ಊರಿನ ಋಣವನ್ನು ತೀರಿಸಿದರು.