ಕರುಳಿನ ಗಂಟು ತೆಗೆದಾಯ್ತು, ಮುಂದೇನು?

ಮಲೆ ಮಹದೇಶ್ವರ ಬೆಟ್ಟ: ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ ಕಣಪ್ಪಾ' ಅಂತ ಸುಮ್ಮನಾಗುವವರುಂಟು. ದೊಡ್ಡ ಕರುಳೊಳಗೆ ನರುಲಿಯಂತೆ ಬೆಳೆವ ಪಾಲಿಪ್‌ನಿಂದಲೂ ರಕ್ತ ಬರುತ್ತೆ. ಹೆಚ್ಚಿನವು ನಿರುಪದ್ರವಿ; ಕೆಲವು ಮಾತ್ರ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಕ್ಯಾಮೆರಾ ಕೊಳವೆ ಬಿಟ್ಟು, ತಂತಿ ಕುಣಿಕೆ ಹಾಕಿ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ.

ತೆಗೆದ ಗಂಟಲ್ಲಿ ಕ್ಯಾನ್ಸರ್ ಸಿಕ್ಕಿತೋ, ಮನೆಮಂದಿಗೆಲ್ಲ ಗಾಬರಿ. ಆಗ ತೀರ್ಮಾನ ಹೇಳುವುದು ಪೆಥಾಲಜಿ ವರದಿ. ತೊಟ್ಟಿರುವ ಗಂಟು ಇಡಿಯಾಗಿ ಬಂದು, ಕೊಯ್ದ ಅಂಚಿಗೂ ರೋಗಕ್ಕೂ 1 ಮಿಲಿಮೀಟರಾದರೂ ಅಂತರವಿದ್ದು, ರಕ್ತನಾಳ, ದುಗ್ಧನಾಳ ಹೊಕ್ಕಿರದೆ, ಜೀವಕೋಶ ತೀರಾ ಕೆಟ್ಟಿರದಿದ್ದರೆ ಸಾಮಾನ್ಯವಾಗಿ ಅಷ್ಟೇ ಸಾಕು; ಮತ್ತೆ ಮತ್ತೆ ತಪಾಸಣೆಯಾಗಬೇಕು. ಇದರಲ್ಲಿ ಹೆಚ್ಚುಕಡಿಮೆಯಾದರೆ, ಆ ಭಾಗದ ಕರುಳನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು. ರೋಗಿಯ ವಯಸ್ಸು, ತ್ರಾಣವನ್ನೂ ನೋಡುತ್ತಾರೆನ್ನಿ.

ಗೋಪಿನಾಥಂ, ಪೊನ್ನಾಚಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ (ಸ್ಥಾಪನೆ 1973) ಬಸ್ಸು ಹತ್ತುವವರು ಆ ವರದಿ, ಗಂಟಿನ ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆದೇ ಹೊರಡಬೇಕು.